ಮಲಗಿಸುವ ಕೆಲಸ

ರುದ್ರಮ್ಮನ ಕೆಲಸ ಏನೆಂದು ಕೇಳಿದರೆ ಮಲಗುವುದು ಎಂದೇ ಹೇಳಬೇಕು. ನಗಬೇಡಿ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಕುಶಾಲನಗರದಿಂದ ದುಬಾರೆಯ ಕಡೆಗೆ ಹೋಗುವ ದಾರಿಯ ಒಂದು ಊರಿನಲ್ಲಿ ಪಂಚಾಯಿತಿಯವರು ಕೂಸಿನ ಮನೆ ತೆರೆದು, ದುಡಿಯಲು ಹೋಗುವ ತಾಯಂದಿರ ಒಂಬತ್ತು ಮಕ್ಕಳನ್ನು ಅವಳ ಮಡಿಲಿಗೆ ಹಾಕಿದರು. ಮೊದಲ ವಾರದಲ್ಲೇ ಅವಳಿಗೆ ಗೊತ್ತಾಯಿತು: ಇವು ಜೋಗುಳಕ್ಕೂ ಜಗ್ಗುವುದಿಲ್ಲ, ಜೋರಿಗೂ ಬಗ್ಗುವುದಿಲ್ಲ. ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಮಕ್ಕಳು. ದಿನವಿಡೀ ಕಾಫಿ ಹಣ್ಣು ಕಿತ್ತು ಬಂದ ಅವ್ವ ತಮಗಿಂತ ಮೊದಲೇ ನಿದ್ದೆ ಹೋಗುವುದನ್ನು ನೋಡಿ ಬೆಳೆದವು. ಪಕ್ಕದಲ್ಲಿ ದೊಡ್ಡವರೊಬ್ಬರು ನಿಜವಾಗಿ ಮಲಗಿದರೆ ಮಾತ್ರ ಅವೂ ಮಲಗುತ್ತವೆ. ಸುಮ್ಮನೆ ಕಣ್ಣು ಮುಚ್ಚಿದರೆ ಆಗುವುದಿಲ್ಲ. ಎರಡು ವರ್ಷದ ಸಿಂಚನಾ ರೆಪ್ಪೆ ಎತ್ತಿ ಒಳಗೆ ಇಣುಕಿ ನೋಡುತ್ತಾಳೆ.

ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ರುದ್ರಮ್ಮ ಬಾಗಿಲಿಗೆ ಚಿಲಕ ಹಾಕಿ ಚಾಪೆಯ ನಡುವೆ ಮಲಗುತ್ತಿದ್ದಳು. ಗೋಡೆಯಾಚೆ ಮಹಿಳಾ ಸಂಘದವರ ಕಾಫಿಪುಡಿ ಘಟಕ; ಅದಕ್ಕೂ ಸರ್ಕಾರದ ಸಹಾಯವೇ. ಅಲ್ಲಿ ಕಾಫಿ ಹುರಿಯುವ ಡ್ರಮ್ಮು ಗರಗರ ತಿರುಗುತ್ತಿತ್ತು. ಪರಿಮಳ ಕಿಟಕಿಯಿಂದ ತೇಲಿಬಂದು ಮಕ್ಕಳ ತಲೆಗೂದಲಲ್ಲಿ ಕೂರುತ್ತಿತ್ತು. ಒಂದು ಕಾಲು ಅವಳ ಹೊಟ್ಟೆಯ ಮೇಲೆ, ಒಂದು ಕೈ ಕೊರಳಿನ ಮೇಲೆ. ನೋಡನೋಡುತ್ತ ಚಾಪೆ ನೆಲ ಬಿಟ್ಟು ಕಾವೇರಿಗೆ ಇಳಿಯುತ್ತಿತ್ತು. ಒಂಬತ್ತೂ ಮಕ್ಕಳನ್ನು ಹೊತ್ತುಕೊಂಡು ಮೆಲ್ಲಗೆ ಸಾಗುತ್ತಿತ್ತು. ದಡದಲ್ಲಿ ನೀರಾಟವಾಡುವ ಆನೆಗಳು ದಾರಿ ಬಿಡುತ್ತಿದ್ದವು. ಐವತ್ತೆರಡು ವರ್ಷದ ಬದುಕಿನಲ್ಲಿ ಹಗಲುಗನಸು ಅವಳಿಗೆ ಸಿಕ್ಕಿದ್ದು ಇದೇ ಮೊದಲು. ಅವಳಿಗೆ ಅದು ತುಂಬ ಇಷ್ಟವಾಗಿತ್ತು.

ತಪ್ಪು ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೆಲಸದ ಹೊತ್ತಿನಲ್ಲಿ ಆರೈಕೆದಾರರು ಮಲಗಬಾರದೆಂದು ಗೋಡೆಯ ಮೇಲೆಯೇ ಅಚ್ಚು ಹಾಕಿ ಅಂಟಿಸಿದ್ದರು.

ಒಂದು ಬುಧವಾರ, ಚಾಪೆ ನದಿಯ ನಡುವೆ ಇದ್ದಾಗ, ಬಾಗಿಲು ದಬದಬ ಸದ್ದು ಮಾಡಿತು. ಗಾಬರಿಯಾಗಿ ಎದ್ದು ಚಿಲಕ ತೆಗೆದರೆ ತಾಲ್ಲೂಕು ಕಚೇರಿಯಿಂದ ತಪಾಸಣೆಗೆ ಬಂದ ವಿನುತಾ. ಕಿಟಕಿಯಿಂದ ಫೋಟೋ ಆಗಲೇ ತೆಗೆದುಕೊಂಡಾಗಿತ್ತು.

“ಇದೇನಮ್ಮ ಇದು? ಮಕ್ಕಳನ್ನ ನೋಡ್ಕೊಳ್ಳಿ ಅಂತ ಇಟ್ರೆ ನೀವೇ ಗೊರಕೆ ಹೊಡೀತಿದ್ದೀರಿ.”

“ಮಲ್ಗಿದ್ದೆ ಮೇಡಂ, ಸುಳ್ಳ್ಯಾಕೆ ಹೇಳ್ಲಿ. ನಾನು ಮಲಗ್ದಿದ್ರೆ ಇವು ಮಲಗಲ್ಲ.”

“ಒಳ್ಳೆ ಕತೆ. ನಾನು ವರದಿ ಹಾಕ್ಲೇಬೇಕು. ಈ ಕೇಂದ್ರಾನೇ ಮುಚ್ಚಿಸ್ತಾರೆ, ಗೊತ್ತಾ?”

ರುದ್ರಮ್ಮ ಮಕ್ಕಳ ಕಡೆ ನೋಡಿದಳು. ಮುಚ್ಚಿದರೆ ಮಕ್ಕಳು ಮತ್ತೆ ತಾಯಂದಿರ ಹಿಂದೆ ತೋಟಕ್ಕೇ ಹೋಗಬೇಕು, ಕಾಫಿ ಗಿಡದ ಬುಡದಲ್ಲೇ ಮಲಗಬೇಕು. ಆನೆ ಓಡಾಡುವ ತೋಟ ಅದು. “ನನ್ನ ಬೇಕಾದ್ರೆ ತೆಗೀರಿ,” ಎಂದಳು, “ಬೀಗ ಮಾತ್ರ ಹಾಕ್ಬೇಡಿ.”

ಅಷ್ಟರಲ್ಲಿ ಸಿಂಚನಾ ರಾಗ ತೆಗೆದಳು. ಒಂದು ಅತ್ತರೆ ಉಳಿದವು ಬಿಡುತ್ತವೆಯೇ? ಒಂಬತ್ತೂ ಬಾಯಿ ತೆರೆದವು. ರುದ್ರಮ್ಮನಿಗೆ ಭಯದ ನಡುವೆಯೂ ಸಿಟ್ಟು ಬಂತು. “ಮಗೂನ ಚಿವುಟಿದ್ದೂ ನೀವೇ, ಈಗ ತೊಟ್ಲೂ ನೀವೇ ತೂಗಿ. ನಿದ್ದೆ ಮಾಡ್ದೆ ಮಲಗ್ಸಿ, ನೋಡುವ.”

ವಿನುತಾ ಹಟಕ್ಕೆ ಬಿದ್ದು ಚಾಪೆಯ ಮೇಲೆ ಕೂತಳು. ಬೆನ್ನು ತಟ್ಟಿದಳು, ಹಾಡಿದಳು, ಫೋನಿನಲ್ಲಿ ಗೊಂಬೆಯಾಟ ತೋರಿಸಿದಳು. ಊಹೂಂ. ಸೋತು ಸುಸ್ತಾಗಿ ಪಕ್ಕಕ್ಕೆ ಒರಗಿ ಕಣ್ಣು ಮುಚ್ಚಿದಳು. ಸಿಂಚನಾ ತೆವಳಿ ಬಂದು ರೆಪ್ಪೆ ಎತ್ತಿ ನೋಡಿ, ಮೋಸ ಗೊತ್ತಾಗಿ ಮತ್ತೆ ಅತ್ತಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಎತ್ತಿ ನೋಡಿದಳು. ಈ ಸಲ ಒಳಗೆ ಯಾರೂ ಇರಲಿಲ್ಲ. ಮಗು ಸಮಾಧಾನದಿಂದ ಆಕೆಯ ಎದೆಗೆ ಮುಖ ಒತ್ತಿ ಮಲಗಿತು. ಒಂದಾದ ಮೇಲೊಂದು ಎಲ್ಲವೂ ಮಲಗಿದವು.

ರುದ್ರಮ್ಮ ಮಾತ್ರ ಗೋಡೆಗೆ ಒರಗಿ ಕೂತಿದ್ದಳು. ವಿನುತಾಳನ್ನು ಕರೆತಂದ ಡ್ರೈವರ್ ಸಿದ್ದರಾಜು ಇಣುಕಿದಾಗ ತುಟಿಯ ಮೇಲೆ ಬೆರಳಿಟ್ಟಳು. ಪಕ್ಕದ ಡ್ರಮ್ಮು ನಿಂತಿತು. ಕಿಟಕಿಯ ಬಿಸಿಲು ಹತ್ತು ಜನರ ಮೇಲೆ ಮೆಲ್ಲಗೆ ಸರಿಯಿತು. ಚಾಪೆ ಇವರನ್ನೂ ಎತ್ತಿಕೊಂಡು ಹೊರಟಿರಬೇಕು. ದಡದಲ್ಲಿ ಉಳಿದವಳು ತಾನೊಬ್ಬಳೇ ಅನ್ನಿಸಿತು. ಆಗ ಅವಳು ಅದನ್ನು ಕಂಡಳು. ವಿನುತಾಳ ಕುರ್ತಾ ಎದೆಯ ಬಳಿ ಒದ್ದೆಯಾಗಿತ್ತು. ಮಗುವಿನ ಮುಖ ತಾಗಿದ್ದಕ್ಕೆ ಹಾಲು ಇಳಿದಿತ್ತು. ರುದ್ರಮ್ಮ ಎದ್ದು ಒಂದು ಟವೆಲ್ ಹೊದಿಸಿದಳು.

ಗಂಟೆಯ ಮೇಲೆ ಎಚ್ಚರವಾದ ವಿನುತಾ ಟವೆಲ್ಲನ್ನು ಎದೆಗೆ ಒತ್ತಿಕೊಂಡು ಎದ್ದು ಕೂತಳು.

“ಎಷ್ಟು ತಿಂಗಳವ್ವಾ?” ಎಂದಳು ರುದ್ರಮ್ಮ. ಮೇಡಂ ಎನ್ನಲು ನಾಲಿಗೆ ಹೊರಳಲಿಲ್ಲ.

“ನಾಲ್ಕು. ನಂದು ಗುತ್ತಿಗೆ ಕೆಲಸ, ರಜೆ ಮುಗೀತು. ಮಡಿಕೇರಿಯಲ್ಲಿ ಅಮ್ಮನ ಹತ್ರ ಬಿಟ್ಟಿದ್ದೀನಿ. ರಾತ್ರಿಯೆಲ್ಲಾ ಅಳುತ್ತೆ.”

ಆಕೆ ಫೋಟೋ ಅಳಿಸಿದಳು. ಫಾರಂ ತೆಗೆದು, ತಪಾಸಣೆಯ ಹೊತ್ತಿನಲ್ಲಿ ಒಂಬತ್ತು ಮಕ್ಕಳೂ ನಿದ್ರಿಸುತ್ತಿದ್ದವು, ಆರೈಕೆದಾರರು ಎಚ್ಚರವಾಗಿದ್ದರು ಎಂದು ಬರೆದು ರುದ್ರಮ್ಮನಿಗೆ ಓದಿ ಹೇಳಿದಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ವಿನುತಾ ಎದ್ದವಳು ಬಾಗಿಲಲ್ಲಿ ನಿಂತಳು. “ನನ್ನ ಮಗೂನ ಇಲ್ಲಿಗೆ ತಂದ್ರೆ...” ಎಂದು ಶುರು ಮಾಡಿ ತಾನೇ ತಡೆದಳು. “ಆಗಲ್ಲ. ಆರು ತಿಂಗಳು ತುಂಬಿರ್ಬೇಕು. ಹಾಗಂತ ನಾನೇ ಎಷ್ಟೋ ತಾಯಂದಿರನ್ನ ವಾಪಸ್ ಕಳ್ಸಿದ್ದೀನಿ.”

“ಆರು ತಿಂಗಳು ಕೂಸಿಗೆ ತಾನೇ? ತಾಯಿಗೆ ಎಷ್ಟಾಗಿರ್ಬೇಕು ಅಂತ ಎಲ್ಲೂ ಬರ್ದಿಲ್ವಲ್ಲ,” ಎಂದಳು ರುದ್ರಮ್ಮ. “ಅಲ್ಲೀವರ್ಗೆ ನೀನೇ ಬಾ ಮಗ. ಒಂದು ಗಂಟೆ ಮಲಗಿ ಹೋಗು. ನಾನು ಎದ್ದಿರ್ತೀನಿ.”

ವಿನುತಾ ಹೊಸ್ತಿಲ ಮೇಲೇ ಕೂತಳು. ಮಕ್ಕಳು ಏಳದಂತೆ ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತಳು.