ಹೀಟರ್ ಸರಿಯಾಗಿದ್ರೆ ಬರ್ತೀನಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಚುಮುಚುಮು ಚಳಿಯಲ್ಲಿ ಎದ್ದು ಲಾರಿ ಹತ್ತಿ ಕೂತವನ ಮುಖಕ್ಕೆ ಹೀಟರ್ ತಣ್ಣನೆ ಗಾಳಿ ಊದಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಅದೂ ಇಪ್ಪತ್ತು ವರ್ಷದಿಂದ ಕಂಡವರ ಲಾರಿಗಳನ್ನೆಲ್ಲ ರಿಪೇರಿ ಮಾಡಿಕೊಟ್ಟವನಿಗೆ.

ಬೇರೆ ದಿನವಾಗಿದ್ದರೆ ಸ್ವೆಟರ್ ಮೇಲೊಂದು ಸ್ವೆಟರ್ ಏರಿಸಿಕೊಂಡು ಹೊರಟುಬಿಡುತ್ತಿದ್ದೆ. ಅವತ್ತು ಅಮ್ಮ ಜೊತೆಗೆ ಬರುವವಳಿದ್ದಳು. ಗುಡ್ಡದಾಚೆಯ ಊರಿಗೆ ಸರಕು ಇಳಿಸುವುದಿತ್ತು. ನನ್ನ ತಂಗಿಯ ಮನೆ ಇರುವುದೂ ಅಲ್ಲೇ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮೂರು ವರ್ಷವಾಗಿತ್ತು.

ಅಪ್ಪನ ಕಾಯಿಲೆ ಜೋರಾದಾಗ ತಂಗಿ ತುಂಬು ಗರ್ಭಿಣಿ. "ಅವಳನ್ನ ಗಾಬರಿ ಮಾಡೋದು ಬೇಡ, ಇವರು ಹುಷಾರಾಗ್ತಾರೆ" ಎಂದು ಅಮ್ಮ ನಮ್ಮೆಲ್ಲರ ಬಾಯಿಗೆ ಬೀಗ ಹಾಕಿದಳು. ಅಪ್ಪ ಹುಷಾರಾಗಲಿಲ್ಲ. ತಂಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಕೊನೇ ಸಲ ಅಪ್ಪನ ಮುಖ ನೋಡೋಕೂ ಬಿಡಲಿಲ್ಲ ನೀನು" ಎಂದು ಅಮ್ಮನಿಗೆ ಹೇಳಿ ಹೋದವಳು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಹೋದ ವಾರ ಅವಳೇ ಫೋನ್ ಮಾಡಿ, "ಅಣ್ಣಾ, ಬರುವಾಗ ಅಮ್ಮನ್ನೂ ಕರ್ಕೊಂಡು ಬಾ" ಎಂದಳು.

ಅಮ್ಮ ಎರಡು ದಿನ ಯೋಚಿಸಿದಳು. ಆಮೇಲೆ, "ಹೀಟರ್ ಸರಿಯಾಗಿದ್ರೆ ಬರ್ತೀನಪ್ಪಾ. ಈ ಮಂಡಿ ಇಟ್ಕೊಂಡು ಏಳು ಗಂಟೆ ಚಳೀಲಿ ಕೂರೋಕಾಗಲ್ಲ" ಎಂದಳು. ನನ್ನ ಹೀಟರ್ ಅಂದರೆ ಕುಲುಮೆ ಎಂದು ಜಂಬ ಕೊಚ್ಚಿಕೊಂಡೆ. ಹಿಂದಿನ ಸಂಜೆಯವರೆಗೂ ಅದು ಹಾಗೇ ಇತ್ತು.

ಬಾನೆಟ್ ಎತ್ತಿದೆ. ರೇಡಿಯೇಟರಿನ ನೀರು ಸರಿಯಾಗಿತ್ತು. ಎಂಜಿನ್ ಬಿಸಿಯಾಗಿದೆ ಎಂದು ಮೀಟರಿನ ಮುಳ್ಳು ತೋರಿಸುತ್ತಿತ್ತು. ಫ್ಯಾನೂ ಭರ್ರೋ ಎನ್ನುತ್ತಿತ್ತು. ಎಂಜಿನ್ನಿನ ಬಿಸಿನೀರು ಒಂದು ಪೈಪಿನಲ್ಲಿ ಹೀಟರಿಗೆ ಹೋಗಿ ಇನ್ನೊಂದರಲ್ಲಿ ವಾಪಸ್ ಬರಬೇಕು. ಕ್ಯಾಬಿನ್ ಹತ್ತಿರ ಎರಡನ್ನೂ ಮುಟ್ಟಿ ನೋಡಿದರೆ ಎರಡೂ ತಣ್ಣಗೆ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ತೀರ್ಮಾನಿಸಿ ಲಾರಿಯನ್ನು ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದೆ. ಪೈಪ್ ಹಿಂಡಿದೆ, ಎಂಜಿನ್ ಓಡಿಸಿದೆ, ಮತ್ತೆ ಹಿಂಡಿದೆ. ಒಂದು ಗಂಟೆ ಹೋಯಿತು, ಬೈಗುಳವೂ ಖಾಲಿಯಾಯಿತು.

ಹೆಂಡತಿ ಚಹಾ ತಂದುಕೊಟ್ಟಳು. "ಏನ್ರೀ, ಕಂಡವರ ಲಾರಿಗೆಲ್ಲ ನೀವು ಡಾಕ್ಟರು, ನಮ್ಮ ಲಾರಿಗೆ ಮಾತ್ರ ಬರೀ ಬೈಗುಳಾನಾ?"

"ಅಮ್ಮ ಏನು ಮಾಡ್ತಿದಾಳೆ?"

"ಚೀಲದಿಂದ ಬಟ್ಟೆ ತೆಗೆದು ವಾಪಸ್ ಬೀರುವಿಗೆ ಇಡ್ತಿದಾರೆ."

ಅರ್ಧ ಚಹಾ ಅಲ್ಲೇ ಬಿಟ್ಟೆ. ಈ ಸಲ ಎಂಜಿನ್ ಕಡೆಯಿಂದ ಪೈಪ್ ಹಿಡಿದುಕೊಂಡು ಹೋದೆ. ಬಿಸಿ, ಬಿಸಿ, ಪೈಪಿನ ನಡುವೆ ಇರುವ ನಲ್ಲಿಯವರೆಗೂ ಬಿಸಿ, ಅದರಾಚೆ ತಣ್ಣಗೆ. ಬೇಸಿಗೆಯಲ್ಲಿ ಕ್ಯಾಬಿನ್ ಕಾಯದಿರಲಿ ಎಂದು ನಾವು ಈ ನಲ್ಲಿ ಮುಚ್ಚುತ್ತೇವೆ. ಚಳಿ ಶುರುವಾದ ಮೊದಲ ವಾರ ಅದನ್ನು ತೆರೆದು, ಕುಲುಕಾಟಕ್ಕೆ ತಿರುಗಿಕೊಳ್ಳದಂತೆ ತಂತಿಯಿಂದ ಬಿಗಿದು ಕಟ್ಟುವುದು ಅಪ್ಪ ಕಲಿಸಿದ ಪದ್ಧತಿ. ನಾನೇ ಕಟ್ಟಿದ್ದರಿಂದ ಅತ್ತ ನೋಡುವ ಯೋಚನೆಯೂ ಬಂದಿರಲಿಲ್ಲ. ಈಗ ನಲ್ಲಿ ಮುಚ್ಚಿತ್ತು. ಯಾರೋ ತಂತಿಯನ್ನು ಬಿಚ್ಚಿ, ಉಂಗುರದ ಹಾಗೆ ಸುತ್ತಿ, ನಲ್ಲಿಯ ಹಿಡಿಕೆಗೇ ತೂಗುಹಾಕಿದ್ದರು. ದಾರವಾಗಲಿ ತಂತಿಯಾಗಲಿ, ಬೆರಳಿಗೆ ಸುತ್ತಿ ಜೋಪಾನ ಮಾಡುವವರು ನಮ್ಮ ಮನೆಯಲ್ಲಿ ಒಬ್ಬರೇ. ಹತ್ತು ವರ್ಷ ಅಪ್ಪನ ಪಕ್ಕ ನಿಂತು ಸ್ಪಾನರ್ ಎತ್ತಿಕೊಟ್ಟವಳಿಗೆ ಆ ನಲ್ಲಿ ಗೊತ್ತಿಲ್ಲದೆ ಇರುತ್ತದೆಯೇ?

ಎಂಜಿನ್ ಆಫ್ ಮಾಡಿ ಧುಮುಗುಟ್ಟುತ್ತಾ ಒಳಗೆ ಹೋದೆ. ಅಮ್ಮ ಮಂಚದ ಮೇಲೆ ಕೂತು ಸೀರೆ ಮಡಚುತ್ತಿದ್ದಳು.

"ಬಿಸಿ ಬರಲಿಲ್ವಾ? ಬಿಡು, ಇನ್ನೊಂದ್ಸಲ ಹೋದ್ರಾಯ್ತು" ಎಂದಳು, ನನ್ನ ಮುಖ ನೋಡದೆ.

ತಂತಿಯ ಉಂಗುರವನ್ನು ಸೀರೆಯ ಮೇಲಿಟ್ಟೆ. ಅಮ್ಮನ ಕೈ ನಿಂತಿತು.

"ಬರಲ್ಲ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಬರಲ್ಲ ಅನ್ನೋಕೂ ಮನಸ್ಸಾಗಲಿಲ್ಲ ಕಣೋ. ಹೋಗ್ಬೇಕು ಅಂತಾನೇ ಇದೆ. ಆದ್ರೆ ಯಾಕಮ್ಮಾ ಹೇಳಲಿಲ್ಲ ಅಂತ ಅವಳು ಮತ್ತೆ ಕೇಳಿದ್ರೆ, ನನ್ನ ಹತ್ರ ಉತ್ತರ ಇಲ್ಲ. ಹೆದರಿಕೆ ಆಗುತ್ತೆ."

ನನ್ನ ಕೋಪ ಜರ್ರನೆ ಇಳಿದುಹೋಯಿತು. ಅಮ್ಮನ ಪಕ್ಕದಲ್ಲಿ ಕೂತೆ. "ನಾನೂ ಬಾಯಿ ಮುಚ್ಕೊಂಡೇ ಇದ್ದೆನಲ್ಲಮ್ಮಾ. ಅವಳು ನಿನ್ನೊಬ್ಬಳನ್ನೇ ಬೈದಳು, ನಾನು ಸುಮ್ಮನೆ ನಿಂತು ನೋಡಿದೆ. ಈ ಸಲ ಇಬ್ಬರೂ ಸೇರಿ ಬೈಸ್ಕೊಳ್ಳೋಣ."

ಅಮ್ಮ ತಂತಿಯ ಉಂಗುರವನ್ನು ಎತ್ತಿ ಬೆರಳಿಗೆ ಸಿಕ್ಕಿಸಿಕೊಂಡಳು.

"ನಲ್ಲಿ ನಾನಿನ್ನೂ ತೆಗೆದಿಲ್ಲ, ತೆಗೆಯೋದೂ ಇಲ್ಲ. ಬರೋ ಹಾಗಿದ್ರೆ ನೀನೇ ತೆಗಿ. ಇಲ್ಲ ಅಂದ್ರೆ ಹೀಟರ್ ಕೆಟ್ಟಿತ್ತು ಅಂತಾನೇ ಅವಳಿಗೆ ಹೇಳ್ತೀನಿ."

ಹೋಗಿ ಲಾರಿಯಲ್ಲಿ ಕೂತೆ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎಷ್ಟು ಹೊತ್ತು ಕಾದೆನೋ. ಬರಲಿ, ಬರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಲೇ ಇತ್ತು. ಕೊನೆಗೆ ಚಪ್ಪಲಿಯ ಸದ್ದು ಕೇಳಿಸಿತು. ಎತ್ತಿದ ಬಾನೆಟ್ಟಿನ ಹಿಂದೆ ಅಮ್ಮ "ಅಯ್ಯೋ ಮಂಡಿ" ಎಂದು ಗೊಣಗಿದಳು. ಆಮೇಲೆ ಬಾನೆಟ್ ಧಡಕ್ಕೆಂದು ಮುಚ್ಚಿತು. ಚೀಲವನ್ನು ನನ್ನ ಕೈಗೆ ಕೊಟ್ಟು ಕಷ್ಟಪಟ್ಟು ಹತ್ತಿ ಕೂತಳು.

ಎಂಜಿನ್ ಸ್ಟಾರ್ಟ್ ಮಾಡಿದೆ. ಎರಡೇ ನಿಮಿಷಕ್ಕೆ ಕಾಲಿಗೆ ಬೆಚ್ಚನೆ ಗಾಳಿ ತಾಗಿತು. ಹೊಟ್ಟೆ ತುಂಬಿದಷ್ಟು ಸಮಾಧಾನವಾಯಿತು. ಅಮ್ಮ ಅಂಗೈಗಳನ್ನು ಗಾಳಿಗೊಡ್ಡಿ ಕಾಯಿಸಿಕೊಂಡು, "ಅವಳಿಗೆ ಫೋನ್ ಹಚ್ಚಿ ಕೊಡು" ಎಂದಳು.

ಹಚ್ಚಿ ಕೊಟ್ಟೆ. ಅಮ್ಮ ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡಳು.

"ನಾನು ಕಣೇ, ಅಮ್ಮ" ಎಂದಳು. "ಈ ಸಲ ಮೊದಲೇ ಹೇಳ್ತಿದೀನಿ. ಬರ್ತಿದೀನಿ."