ಹಳೇ ಪ್ಲಗ್‌ನ ಪ್ರಶ್ನೆಗಳು

ಅವನ ಹೊಟ್ಟೆಪಾಡು ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿತ್ತು. ಚೀಟಿಯಲ್ಲಿ ಬರೆದ ನಂಬರಿಗೆ ಸರಿಯಾಗಿ ಗಾಜನ್ನು ಸಾಣೆ ಹಿಡಿದು, ಅಂಚು ತೀಡಿ, ಫ್ರೇಮಿಗೆ ಕೂರಿಸುವುದು ಕೆಲಸ. ಜೀವ ಮಾತ್ರ ಬೇರೆ ಕಡೆ ಇತ್ತು. ಹೊಸ ಫೋನು, ಹೊಸ ವಾಚು, ಹೊಸ ರೂಟರು ಯಾವುದೇ ಬರಲಿ, ಅದರ ಬಗ್ಗೆ ಅವನ ಹತ್ತಿರ ಒಂದು ಅಭಿಪ್ರಾಯ ತಯಾರಿರುತ್ತಿತ್ತು. ಕೇಳುವವರಿಲ್ಲದಿದ್ದರೂ ಹೇಳುತ್ತಿದ್ದ.

ಮಡಚುವ ಫೋನು ಬಂದಾಗ, "ಮಡಚಿಡೋಕೆ ಅದೇನು ಚಾಪೆಯಾ?" ಅಂದಿದ್ದ. ಹಾಲು ಮುಗಿಯಿತೆಂದು ಸಂದೇಶ ಕಳಿಸುವ ಫ್ರಿಜ್ಜಿಗೆ, "ಬಾಗಿಲು ತೆಗೆದ್ರೆ ಕಾಣಲ್ವಾ?" ಮಾತು ಕೇಳಿಸಿಕೊಳ್ಳುವ ಸ್ಪೀಕರಿನ ವಿಷಯ ಬಂದರಂತೂ ಅವನನ್ನು ಹಿಡಿಯುವವರೇ ಇಲ್ಲ. "ಗೋಡೆಗೂ ಕಿವಿ ಇದೆ ಅಂತ ಹಿಂದಿನವರು ಹೆದರ್ತಿದ್ರು. ಈಗಿನವರು ದುಡ್ಡು ಕೊಟ್ಟು ಕಿವಿ ತಂದು ಗೋಡೆಗೆ ಹಾಕಿಸ್ಕೋತಾರೆ." ಅವನ ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಗಾಯದ ಪಟ್ಟಿ ಅಂಟಿತ್ತು.

ಈ ಅಭಿಪ್ರಾಯಗಳಿಗೆ ನಿಜವಾಗಿ ಬೆಲೆ ಸಿಗುತ್ತಿದ್ದದ್ದು ಒಂದು ಆನ್‌ಲೈನ್ ವೇದಿಕೆಯಲ್ಲಿ. ಫೋನು, ಕಂಪ್ಯೂಟರಿನ ತೊಡಕುಗಳನ್ನು ಒಬ್ಬರನ್ನೊಬ್ಬರು ಕೇಳಿ ಬಿಡಿಸಿಕೊಳ್ಳುವ ಜಾಗ. ನಾಲ್ಕು ಸಾವಿರ ಸದಸ್ಯರು, ಯಾರಿಗೂ ಯಾರ ನಿಜವಾದ ಹೆಸರೂ ಗೊತ್ತಿಲ್ಲ. ಅಲ್ಲಿ ಅವನು 'ಬೀಗದಕೈ'. ಒಂಬತ್ತು ವರ್ಷದಿಂದ ಮೇಲ್ವಿಚಾರಕ. ಯಾರು ಯಾವ ಇಂಟರ್ನೆಟ್ ಸಂಪರ್ಕದಿಂದ ಬರುತ್ತಾರೆಂದು ಮೇಲ್ವಿಚಾರಕರು ನೋಡಬಹುದಿತ್ತು. ಅವನು ಒಂದು ದಿನವೂ ಆ ಪುಟ ತೆರೆದವನಲ್ಲ. ಹಾಗೆ ಇಣುಕುವುದು ಅವನ ಲೆಕ್ಕದಲ್ಲಿ ಕಳ್ಳತನಕ್ಕೆ ಸಮ.

ಮನೆಯಲ್ಲಿ ಇಬ್ಬರೇ, ಅವನು ಮತ್ತು ಅಮ್ಮ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಊರಿನ ಅರ್ಧ ಗುಟ್ಟು ಅವರ ಕಿವಿಗೆ ಬಿದ್ದಿತ್ತು, ಒಂದೂ ಬಾಯಿಂದ ಹೊರಬಿದ್ದಿರಲಿಲ್ಲ. ಮೂರು ವರ್ಷದಿಂದ ಅವರ ಕೈಯಲ್ಲೂ ಒಂದು ಸ್ಮಾರ್ಟ್‌ಫೋನು. ಮೊದಮೊದಲು, "ಲೋ, ಈ ಚಿತ್ರ ಯಾಕೋ ತೆರ್ಕೋತಿಲ್ಲ" ಎಂದು ಬರುತ್ತಿದ್ದರು. ಅವನು ಪರದೆಯಿಂದ ಕಣ್ಣೆತ್ತದೆ, "ಎಷ್ಟು ಸಲ ಹೇಳ್ಬೇಕಮ್ಮ?" ಎನ್ನುತ್ತಿದ್ದ. ಎರಡು ವರ್ಷದಿಂದ ಅವರು ಕೇಳುವುದನ್ನು ಬಿಟ್ಟಿದ್ದರು. ಕಲಿತುಬಿಟ್ಟರು ಅಂತ ಅವನು ತಿಳಿದಿದ್ದ.

ವೇದಿಕೆಯಲ್ಲಿ ಅವನಿಗೆ ಅಚ್ಚುಮೆಚ್ಚಿನ ಸದಸ್ಯನೊಬ್ಬನಿದ್ದ. ಹೆಸರು 'ಹಳೇ ಪ್ಲಗ್'. ಯಾರೋ ನಿವೃತ್ತ ಎಲೆಕ್ಟ್ರಿಷಿಯನ್ ಇರಬೇಕೆಂದು ಅವನ ಊಹೆ. ಈ ಪ್ಲಗ್ ಕೇಳಿದ್ದನ್ನೇ ಕೇಳುತ್ತಿತ್ತು. ಅಕ್ಷರ ದೊಡ್ಡದು ಮಾಡೋದು ಹೇಗೆ? ಫೋಟೋ ಎಲ್ಲಿ ಹೋಗಿ ಕೂರುತ್ತೆ? ಬೀಗದಕೈ ಪ್ರತಿ ಸಲವೂ ಬಾಣದ ಗುರುತು ಹಾಕಿದ ಚಿತ್ರಗಳ ಸಮೇತ ವಿವರಿಸಿ, ಕೊನೆಗೆ, "ಗಾಬರಿ ಬೇಡಿ ಯಜಮಾನ್ರೇ, ಲೈನಲ್ಲೇ ಇದ್ದೀನಿ" ಎಂದು ಬರೆಯುತ್ತಿದ್ದ. ಅವನ ತಾಳ್ಮೆಯನ್ನು ಜನ ಕೊಂಡಾಡಿದ್ದೇ ಕೊಂಡಾಡಿದ್ದು.

ಒಂದು ಸೋಮವಾರ 'ಚಿಮಟ' ಎಂಬ ಇನ್ನೊಬ್ಬ ಮೇಲ್ವಿಚಾರಕನಿಂದ ಸಂದೇಶ ಬಂತು. "ನೀವೂ ಹಳೇ ಪ್ಲಗ್ಗೂ ಒಂದೇ ಮನೆಯ ಸಂಪರ್ಕದಿಂದ ಬರ್ತೀರಿ. ನೀವೇ ಪ್ರಶ್ನೆ ಕೇಳಿ ನೀವೇ ಉತ್ತರ ಕೊಟ್ಟು ಮೆಚ್ಚುಗೆ ಗಿಟ್ಟಿಸ್ಕೊಂಡಿದ್ದೀರಿ ಅನ್ನೋ ಅನುಮಾನ. ಒಬ್ಬರಿಗೆ ಒಂದೇ ಖಾತೆ, ನಿಯಮ ಬರೆದವರು ನೀವೇ. ಭಾನುವಾರದೊಳಗೆ ಆ ಇನ್ನೊಬ್ಬರು ಯಾರು ಅಂತ ಎಲ್ಲರೆದುರು ತೋರಿಸಿ. ಇಲ್ಲದಿದ್ದರೆ ಒಂದು ಖಾತೆ ಉಳಿಸ್ಕೊಂಡು ಇನ್ನೊಂದನ್ನ ಮುಚ್ಚಿ."

ಅವನಿಗೆ ಮೊದಲು ಬಂದದ್ದು ಸಿಟ್ಟು. ಯಾರೋ ವೈಫೈ ಕದಿಯುತ್ತಿದ್ದಾರೆ! ಮೇಲ್ಮಹಡಿಯ ಸಂಗೀತದ ಮೇಷ್ಟರ ಮೇಲೆ ಅನುಮಾನ ಬಂತು, ಎದುರುಮನೆಯ ನರ್ಸಮ್ಮನ ಮೇಲೂ ಬಂತು. ರೂಟರನ್ನು ಅಟ್ಟದಿಂದ ಇಳಿಸಿ ಕೂತಲ್ಲೇ ಪಾಸ್‌ವರ್ಡ್ ಬದಲಿಸಿದ. ಇಪ್ಪತ್ತೆರಡು ಅಕ್ಷರ, ಅದರಲ್ಲಿ ನಾಲ್ಕು ಅಂಕಿ. ಕಳ್ಳ ಈಗ ಹೇಗೆ ಬರುತ್ತಾನೋ ನೋಡೋಣ ಎಂದುಕೊಂಡ.

ಮರುದಿನ ಸಂಜೆ ಅಂಗಡಿಯಿಂದ ಬಂದು ಕೂತಾಗ ಹಳೇ ಪ್ಲಗ್‌ನ ಹೊಸ ಪ್ರಶ್ನೆ ಕಾದಿತ್ತು.

"ಮೊಬೈಲ್ ಡೇಟಾ ಹಾಕ್ಕೊಂಡು ಬರೀತಿದ್ದೀನಿ. ನಿನ್ನೆಯಿಂದ ಮನೆಯ ವೈಫೈ ಸಿಗ್ತಿಲ್ಲ. ಮಗ ಪಾಸ್‌ವರ್ಡ್ ಬದಲಾಯಿಸಿರಬೇಕು. ಅವನನ್ನ ಕೇಳದೆ ಅದನ್ನ ತಿಳ್ಕೊಳ್ಳೋ ದಾರಿ ಏನಾದ್ರೂ ಇದೆಯಾ? ಕೇಳಿದ್ರೆ ರೇಗ್ತಾನೆ. ಕೆಟ್ಟವನಲ್ಲ, ದಿನವಿಡೀ ಗಾಜು ನೋಡಿ ನೋಡಿ ಸುಸ್ತಾಗಿರುತ್ತೆ."

ಅವನು ಎರಡು ಸಲ ಓದಿದ. ಪಕ್ಕದ ಕೋಣೆಯಲ್ಲಿ ಅಮ್ಮ ಕೆಮ್ಮಿದ್ದು ಕೇಳಿಸಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಇವನು ಹುಡುಕಿದ್ದೂ ಹಾಗೇ. ನಾಚಿಕೆಯಾಯಿತು. ಎರಡು ವರ್ಷ ಒಂದು ಗೋಡೆಯ ಆಚೆ ಕೂತು ಅವರು ಅಪರಿಚಿತರ ಊರಿಗೆ ಹೋಗಿ ಪ್ರಶ್ನೆ ಕೇಳಿದ್ದರು. ಅಪರಿಚಿತನಾಗಿ ಅವನು ಒಳ್ಳೆಯ ಮಾತಾಡಿದ್ದ. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಯಾರಾದರೂ ಅಂದಿದ್ದರೆ ಆ ಹೊತ್ತು ಅವನು ಎದುರಾಡುತ್ತಿರಲಿಲ್ಲ.

ಚಿಮಟನಿಗೆ ಉತ್ತರ ಕೊಡುವುದು ಸುಲಭವಿತ್ತು. ಅದು ನನ್ನ ತಾಯಿ ಎಂದು ಒಂದು ಸಾಲು ಬರೆದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಅದನ್ನು ನಾಲ್ಕು ಸಾವಿರ ಜನ ಓದುತ್ತಿದ್ದರು, ಮಗ ರೇಗುತ್ತಾನೆ ಎಂಬ ಮಾತಿನ ಸಮೇತ. ಅಮ್ಮ ಅಲ್ಲಿ ಯಾರೂ ಅಲ್ಲದವರಾಗಿರಲು ಹೋಗಿದ್ದರು. ಅದನ್ನು ಕಿತ್ತುಕೊಳ್ಳುವ ಹಕ್ಕು ತನಗಿಲ್ಲ ಎಂದು ಅವನಿಗೆ ಅನಿಸಿತು. ಈ ಒಂದು ಅಭಿಪ್ರಾಯವನ್ನು ಅವನು ಯಾರಿಗೂ ಹೇಳಲಿಲ್ಲ.

ಶನಿವಾರದವರೆಗೂ ಒದ್ದಾಡಿದ. ಹಳೆಯ ಉತ್ತರಗಳನ್ನೆಲ್ಲ ಒಮ್ಮೆ ತಿರುವಿ ಹಾಕಿದ. ಆಮೇಲೆ ಚಿಮಟನಿಗೆ ಬರೆದ: "ಒಂದನ್ನು ಉಳಿಸಿಕೊಳ್ಳಬಹುದು ಅಂದಿರಲ್ಲ. ಹಳೇ ಪ್ಲಗ್ ಇರಲಿ. ಬೀಗದಕೈ ಮುಚ್ಚಿ."

ಒಂಬತ್ತು ವರ್ಷ ಒಂದು ಗುಂಡಿ ಒತ್ತುವುದರಲ್ಲಿ ಮುಗಿಯಿತು. ಮೋಸಗಾರ, ಆಷಾಢಭೂತಿ ಎಂದೆಲ್ಲ ಜನ ಬರೆದರು. ಅದನ್ನು ಓದಲು ಅವನಿಗೆ ಖಾತೆಯೇ ಇರಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದಾಯಿತು.

ಭಾನುವಾರ ಮಧ್ಯಾಹ್ನ ಅಮ್ಮ ಫೋನು ಹಿಡಿದು ಅವನ ಬಾಗಿಲಲ್ಲಿ ನಿಂತರು.

"ಬೀಗದಕೈ ಕಾಣ್ತಿಲ್ಲ ಕಣೋ."

"ನಾನು ಅಂತ ಯಾವಾಗ ಗೊತ್ತಾಯ್ತಮ್ಮ?"

"ಮೊದಲನೇ ವಾರಾನೇ. ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತು ಪ್ಲಗ್ ಸಿಕ್ಕಿಸ್ತಾ ಮೂವತ್ತು ವರ್ಷ ಹೇಳಿದ ಮಾತು ಅದು, ಗಾಬರಿ ಬೇಡಿ, ಲೈನಲ್ಲೇ ಇದ್ದೀನಿ ಅನ್ನೋದು. ನೀನು ಅದನ್ನ ಇನ್ನೆಲ್ಲಿ ಕಲೀತೀಯ?"

"ಮತ್ತೆ ಮೊನ್ನೆಯ ಪ್ರಶ್ನೆ?"

"ನಿನಗೇ ಕೇಳಿದ್ದು. ಇಲ್ಲಿ ಕೇಳೋಕೆ ಧೈರ್ಯ ಬರ್ಲಿಲ್ಲ."

ಅವನು ಕುರ್ಚಿಯನ್ನು ಪಕ್ಕಕ್ಕೆ ಎಳೆದ. ಅಮ್ಮ ಕೂತರು. ಇಪ್ಪತ್ತೆರಡು ಅಕ್ಷರಗಳನ್ನು ಅವನು ಒಂದೊಂದಾಗಿ ಹೇಳಿದ, ಅವರು ಒಂದೇ ಬೆರಳಲ್ಲಿ ಒತ್ತಿದರು. ಹನ್ನೊಂದನೆಯದಕ್ಕೆ ತಪ್ಪಾಯಿತು. ಮತ್ತೆ ಮೊದಲಿಂದ. ಹದಿನೇಳಕ್ಕೆ ತಪ್ಪಾಯಿತು. ಮೂರನೆಯ ಸಲ ಎಲ್ಲಾ ಮುಗಿಸಿ, ಏನೋ ಒತ್ತಿ, ಪೂರ್ತಿ ಅಳಿಸಿಹಾಕಿದರು.

"ಎಷ್ಟು..." ಎಂದು ಅವನ ಬಾಯಿಂದ ಬಂದೇಬಿಟ್ಟಿತು.

ಅಮ್ಮ ತಲೆ ಎತ್ತಿದರು. ಬೆರಳು ಪರದೆಯ ಮೇಲೆ ಹಾಗೇ ನಿಂತಿತ್ತು.

"ಎಷ್ಟು ಹೊತ್ತಾದ್ರೂ ಆಗ್ಲಿ, ಪರವಾಗಿಲ್ಲಮ್ಮ" ಎಂದ.