ಇಳಿದ ಶ್ರುತಿ

“ನಿಲ್ಸು, ನಿಲ್ಸು ದೇವಯ್ಯ,” ಎಂದು ನಟರಾಜು ಹಾರ್ಮೋನಿಯಂ ತಿದಿಯಿಂದ ಕೈ ತೆಗೆದುಬಿಟ್ಟ.

ಪಲ್ಲವಿಯ ಎರಡನೇ ಸಾಲಿನಲ್ಲಿದ್ದ ದೇವಯ್ಯ ಬಾಯಿ ತೆರೆದುಕೊಂಡೇ ಉಳಿದ. ತಾಳ ಹಾಕುತ್ತಿದ್ದವರ ಕೈಗಳು ಒಂದೊಂದಾಗಿ ಸುಮ್ಮನಾದವು. ಬಿಳಿಕೆರೆಯ ಆಂಜನೇಯನ ಗುಡಿಯ ಜಗಲಿಯಲ್ಲಿ ಶನಿವಾರದ ಭಜನೆ ಹೀಗೆ ನಡುವೆ ನಿಂತದ್ದು ಯಾರಿಗೂ ನೆನಪಿರಲಿಲ್ಲ.

“ಯಾಕ್ಲಾ, ಏನಾಯ್ತು?”

“ಶ್ರುತಿ ಇಳ್ದದೆ. ನಾನು ಬಿಳಿ ನಾಲ್ಕನೇ ಮನೆ ಇಡ್ಕಂಡಿವ್ನಿ, ನೀನು ಮೂರಕ್ಕೆ ಜಾರಿದ್ದೀಯ,” ಎಂದು ನಟರಾಜು ಹಾರ್ಮೋನಿಯಮ್ಮಿನ ಬಿಳಿ ಮನೆಯೊಂದನ್ನು ಬೆರಳಿನಿಂದ ಒತ್ತಿ ತೋರಿಸಿದ.

“ಬ್ಯಾರನ್ ಹೊಗೆ ಕಣ್ಲಾ. ಗಂಟ್ಲು ಕಟ್ಕಂಡದೆ.”

“ಹೊಗೆ ಎಲ್ಲಾರ್ಗೂ ಅದೆ. ಸಾಧನೆ ಇಲ್ಲ ನಿಂಗೆ, ಅಷ್ಟೇ.”

ದೇವಯ್ಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಲ್ಲಿ ಬೆಂಕಿ ನೋಡಿಕೊಳ್ಳುವ ಕೂಲಿ. ನಟರಾಜು ಹುಣಸೂರಿನಲ್ಲಿ ಬಸ್ಸು ರಿಪೇರಿ ಮಾಡುವವನು. ಮೀಸೆ ಮೂಡುವ ಮೊದಲೇ ಇಬ್ಬರೂ ಈ ಜಗಲಿ ಹತ್ತಿದವರು. ದೇವಯ್ಯ ಮನಸ್ಸಿಗೆ ಬಂದ ಕಡೆ ಎತ್ತಿಕೊಳ್ಳುತ್ತಿದ್ದ, ನಟರಾಜುವಿನ ಬೆರಳು ತಡಕುತ್ತ ಹೋಗಿ ಅವನನ್ನು ಸೇರಿಕೊಳ್ಳುತ್ತಿತ್ತು. ಹಾಗೆ ಸೇರುವ ಜಾಗಕ್ಕೊಂದು ಹೆಸರಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಶ್ರುತಿ ಎಂಬ ಆ ಹೆಸರು ಗೊತ್ತಾದದ್ದು ನಟರಾಜು ಮೈಸೂರಿಗೆ ಪಾಠಕ್ಕೆ ಹೋಗತೊಡಗಿದ ಮೇಲೆ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದರೆ, ವಾಪಸು ಬರುವಾಗ ಸೀಟಿನಲ್ಲಿ ಕೂತು ತೊಡೆಯ ಮೇಲೆ ಬೆರಳಾಡಿಸುತ್ತ ಸರಿಗಮ ಗೊಣಗುತ್ತಿದ್ದ. ತಾವು ಇಷ್ಟು ಕಾಲ ಹಾಡಿಕೊಂಡು ಬಂದ ಎರಡು ಪದಗಳು ಒಂದೇ ರಾಗದವು ಎಂದು ಹೊಳೆದ ದಿನ ಅವನು ಮನೆಗೂ ಹೋಗದೆ ನೇರ ಬ್ಯಾರನ್ ಹತ್ತಿರ ಹೋಗಿ ಹೇಳಿದ್ದ. ದೇವಯ್ಯ ಒಲೆಗೆ ಸೌದೆ ತಳ್ಳುತ್ತ ಕೇಳಿಸಿಕೊಂಡ.

“ಅದ್ನ ತಿಳ್ಕಂಡು ಏನ್ ಮಾಡಾದ್ಲಾ? ನಾವೇನ್ ಕಚೇರಿ ಮಾಡೋರಾ?”

“ತಿಳ್ಕಂಡ್ರೆ ಒಂಥರಾ ಸಂತೋಸ ಆಯ್ತದೆ ಕಣ್ಲಾ.”

“ನಂಗೆ ಹಾಡುದ್ರೇ ಆಯ್ತದೆ.”

ಆದರೂ ಭಜನೆ ನಡುವೆ ನಿಂತ ಆ ಶನಿವಾರದ ಮೇಲೆ, ಗೆಳೆಯನ ಮಾತು ತೆಗೆದುಹಾಕಬಾರದೆಂದು ದೇವಯ್ಯ ಕೆಲವು ಸಂಜೆ ಅವನ ಮನೆಗೆ ಹೋಗಿ ಷಡ್ಜ ಹಿಡಿದು ಕೂತ. ಹಾಡಾಗಿದ್ದರೆ ಸಲೀಸಾಗಿ ಮೇಲೇರುತ್ತಿದ್ದ ಗಂಟಲು, ಬರೀ ‘ಸಾ’ ಎಂದರೆ ಒಣಗುತ್ತಿತ್ತು. ದೀಪಾವಳಿ ಕಳೆಯುವಷ್ಟರಲ್ಲಿ ಅವನ ದನಿ ಮೂರರಲ್ಲೂ ನಿಲ್ಲದೆ ಎರಡಕ್ಕೆ ಬಂತು. ನಟರಾಜುವಿಗೆ ಅದು ಈಗ ಸ್ಪಷ್ಟವಾಗಿ ಕೇಳುತ್ತಿತ್ತು. ಮಿಕ್ಕವರಿಗೆ ಕೇಳುತ್ತಿರಲಿಲ್ಲ.

ಕಾರ್ತಿಕದ ಒಂದು ಶನಿವಾರ ಎಲ್ಲರೆದುರು ಅವನು ಹಾರ್ಮೋನಿಯಂ ಒತ್ತಿ ಹಿಡಿದು, “ಮೊದ್ಲು ಇಲ್ಲಿ ಸಾ ಅನ್ನು. ಆಮ್ಯಾಕೆ ಪದ,” ಎಂದ. ದೇವಯ್ಯ ‘ಸಾ’ ಎಂದ. ದನಿ ಬಿರಿದು ಎರಡಾಯಿತು. ಕಂಬದ ಹತ್ತಿರ ಯಾರೋ ಕಿಸಕ್ಕನೆ ನಕ್ಕರು. ದೇವಯ್ಯನೂ ನಗಲು ನೋಡಿದ. ಟವಲ್ಲಿನಿಂದ ಮುಖ ಒರೆಸಿಕೊಂಡು, “ಗಂಟೆ ಹೊಡಿಯಾಕಿಲ್ವೇ ಪೂಜಾರ್ರೆ?” ಎಂದು ಕೇಳುತ್ತ ಎದ್ದವನು ಹಾಗೇ ಮೆಟ್ಟಿಲಿಳಿದು ಹೋದ.

ಮತ್ತೆ ಬರಲಿಲ್ಲ. ಅವನ ಜಾಗದಲ್ಲಿ ರಘು ಹಾಡತೊಡಗಿದ. ಶ್ರುತಿ ಬಿಡದ ಹುಡುಗ. ಭಜನೆ ಎಲ್ಲೂ ನಿಲ್ಲದೆ ಸಾಗುತ್ತಿತ್ತು, ಬೇಗ ಮುಗಿದೂ ಹೋಗುತ್ತಿತ್ತು. ಹೋಗಿ ಕರೆಯಬೇಕೆಂದು ನಟರಾಜು ವಾರ ವಾರವೂ ಅಂದುಕೊಂಡ. ಅವನಾಗಿ ಬರಲಿ ಎಂದೂ ಅಂದುಕೊಂಡ.

ಯುಗಾದಿಯ ಹಿಂದೆಮುಂದೆ ಒಂದು ಮಧ್ಯಾಹ್ನ ದೇವಯ್ಯನ ಹೆಂಡತಿ ಚೆಲುವಮ್ಮ ನಟರಾಜುವಿನ ಕೆಲಸದ ಜಾಗಕ್ಕೇ ಬಂದಳು. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು.

“ಅಣ್ಣ, ನಿಮ್ಮ ಸ್ನೇಯಿತ್ರಿಗೆ ಮುದ್ದೆ ನುಂಗಕಾಯ್ತಿಲ್ಲ. ನಿನ್ನೆಯಿಂದ ಉಗುಳ್ನಲ್ಲಿ ರಕ್ತ ಬತ್ತಾ ಅದೆ.”

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ದನಿ ಯಾವಾಗಿನಿಂದ ಬದಲಾಯಿತು ಎಂದು ಕೇಳಿದರು. “ಸಂಕ್ರಾಂತಿ ಆದ್ಮೇಲೆ,” ಎಂದಳು ಚೆಲುವಮ್ಮ.

“ಅಲ್ಲ ಸಾರ್, ದೀಪಾವಳಿಗೂ ಮುಂಚೆ,” ಎಂದ ನಟರಾಜು. “ಮೊದ್ಲು ಬಿಳಿ ನಾಲ್ಕಿತ್ತು. ಮೂರಕ್ಕೆ ಬಂತು, ಆಮೇಲೆ ಎರಡು...” ಹೇಳುತ್ತ ಹೇಳುತ್ತ ಅವನ ಮಾತು ನಿಂತಿತು. ಡಾಕ್ಟರಿಗೆ ಮನೆಗಳ ಲೆಕ್ಕ ಅರ್ಥವಾಗಲಿಲ್ಲ, ತಿಂಗಳು ಮಾತ್ರ ಅರ್ಥವಾಯಿತು. “ಆಗಲೇ ಬಂದಿದ್ದರೆ,” ಎಂದು ಮೆಲ್ಲಗೆ ಅಂದು ಚೀಟಿ ಬರೆಯತೊಡಗಿದರು.

ಹೊರಗೆ ಬೆಂಚಿನ ಮೇಲೆ ಕೂತು ಚೆಲುವಮ್ಮ, “ಒಂದೇ ಮನೇಲಿ ಇದ್ರೂವೆ ನಂಗೆ ಗೊತ್ತಾಗ್ನಿಲ್ಲ. ನಿಮ್ಗೊಬ್ರಿಗೇ ಗೊತ್ತಾಗಿದ್ದು ಕಣಣ್ಣ,” ಎಂದಳು. ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ಅವನು ಏನಾದರೂ ಹೇಳಬಹುದಿತ್ತು.

ಗಂಟಲಿನ ಕ್ಯಾನ್ಸರು, ಧ್ವನಿಪೆಟ್ಟಿಗೆ ತೆಗೆಯಬೇಕೆಂದರು. ಆಪರೇಷನ್ನಿನ ಹಿಂದಿನ ದಿನ ವಾರ್ಡಿನಲ್ಲಿ ನಟರಾಜು ಮಂಚದಂಚಿಗೆ ಕೂತು, “ದೇವಯ್ಯ, ಒಂದೇ ಒಂದ್ ಸಾಲು ಹಾಡ್ಲಾ,” ಎಂದ.

ದೇವಯ್ಯ ದಿಂಬಿಗೊರಗಿ ನೆಟ್ಟಗೆ ಕೂತ. ಗಂಟಲಿನಿಂದ ಗಾಳಿಯೇ ಹೆಚ್ಚು ಬರುತ್ತಿತ್ತು. “ಯಾವ ಶ್ರುತಿ ಅಂತ ಹೇಳು. ಸರ್ಯಾಗೇ ಹಾಡ್ತೀನಿ.”

ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಅವನು ನಿಜವಾಗಿಯೇ ಕೇಳಿದ್ದ, ಉತ್ತರಕ್ಕೆ ಕಾದ ಕೂಡ. ಅಷ್ಟರಲ್ಲಿ ನರ್ಸು ಬಂದಳು, ಪರದೆ ಎಳೆದಳು.

ದೇವಯ್ಯ ಊರಿಗೆ ಮರಳಿ ಚೇತರಿಸಿಕೊಂಡ ಮೇಲೆ ಒಂದು ಸಂಜೆ ನಟರಾಜು ಹಾರ್ಮೋನಿಯಮ್ಮನ್ನು ಸ್ಕೂಟರಿಗೆ ಕಟ್ಟಿಕೊಂಡು ಅವನ ಮನೆಗೆ ಹೋದ. ಹೊಸಿಲವರೆಗೆ ಹೋದವನು ಪೆಟ್ಟಿಗೆ ಒಳಗೆ ತರಬೇಕೋ ಬೇಡವೋ ತಿಳಿಯದೆ ನಿಂತ. ಪಡಸಾಲೆಯ ಚಾಪೆಯಲ್ಲಿ ಕೂತಿದ್ದ ದೇವಯ್ಯ ಕೈಬೀಸಿ ಒಳಗೆ ಕರೆದು, ತನ್ನ ಮುಂದಿನ ಜಾಗವನ್ನು ತಟ್ಟಿ ತೋರಿಸಿದ. ಕತ್ತಿನ ಕೆಳಗಿದ್ದ ರಂಧ್ರದ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಇಳಿಬಿದ್ದಿತ್ತು. ಉಸಿರು ಈಗ ಅಲ್ಲಿಂದಲೇ.

ಚೆಲುವಮ್ಮ ಕಾಫಿ ಇಟ್ಟು ಗೋಡೆಗೊರಗಿ ನಿಂತಳು. ನಟರಾಜು ತಿದಿ ಒತ್ತಿ ಅವರಿಬ್ಬರಿಗೂ ಚಿಕ್ಕಂದಿನಿಂದ ಬಾಯಿಗೆ ಬರುತ್ತಿದ್ದ ಒಂದು ಪದ ನುಡಿಸತೊಡಗಿದ. ದೇವಯ್ಯ ಕಣ್ಣು ಮುಚ್ಚಿದ. ಅವನ ತುಟಿಗಳು ಪದದ ಅಕ್ಷರಗಳನ್ನು ಒಂದೊಂದಾಗಿ ಮಾಡುತ್ತ ಹೋದವು. ಸಾಲಿನ ನಡುವೆ ಅವನು ಎಂದಿನಂತೆ ಅವಸರ ಮಾಡಿದ, ಒಂದು ಕಡೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತ. ಸಾಲು ಶುರುವಾಗುವ ಮೊದಲು ಬಿಳಿ ಬಟ್ಟೆ ಒಳಕ್ಕೆ ಸರಿಯುತ್ತಿತ್ತು, ಸಾಲು ಸಾಗಿದಷ್ಟು ಹೊತ್ತೂ ಮೆಲ್ಲಗೆ ಹೊರಕ್ಕೆ ಉಬ್ಬುತ್ತಿತ್ತು. ನಟರಾಜು ಹಾರ್ಮೋನಿಯಮ್ಮಿನ ಮನೆಗಳ ಕಡೆ ನೋಡಲಿಲ್ಲ. ಆ ಬಟ್ಟೆ ಏಳುವುದನ್ನು, ಇಳಿಯುವುದನ್ನು ನೋಡುತ್ತ ಕೊನೆಯ ಚರಣದವರೆಗೂ ನುಡಿಸಿದ.